ಫ್ರಾನ್ಸಿನ ಲಾ ಕುವೆರ್ತುವಾರಾದ್ ಎಂಬ ಪುಟ್ಟ ಕೋಟೆ ಹಳ್ಳಿಯ ಇತಿಹಾಸವೇನು? ಅಲ್ಲಿ ಏನೇನು ನೋಡಬಹುದು?

ಇದು ದಕ್ಷಿಣ ಫ್ರಾನ್ಸಿನ ಅವೆರೋನ್ ಜಿಲ್ಲೆಯಲ್ಲಿ, ಲಾರ್ಜಾಕ್ ಎಂಬ ಸುಣ್ಣಕಲ್ಲಿನ ಪ್ರಸ್ಥಭೂಮಿಯ ಮೇಲಿದೆ. ಬಹಳ ಜನ ಇದನ್ನು 'ಟೆಂಪ್ಲರ್ ಕೋಟೆ' ಎಂದುಬಿಡುತ್ತಾರೆ. ಅದು ಅರ್ಧ ಮಾತ್ರ ನಿಜ. ಟೆಂಪ್ಲರ್ ಯೋಧ-ಸನ್ಯಾಸಿಗಳು ಕಟ್ಟಿದ್ದು ಬಂಡೆಯ ಮೇಲಿನ ಕೋಟೆಮನೆಯನ್ನು. 1312ರಲ್ಲಿ ಅವರ ಪಂಥ ರದ್ದಾಗಿ ಆಸ್ತಿಯೆಲ್ಲ ಹಾಸ್ಪಿಟಲರ್ ಎಂಬ ಇನ್ನೊಂದು ಯೋಧ-ಸನ್ಯಾಸಿ ಪಂಥಕ್ಕೆ ಹೋಯಿತು. ಊರನ್ನು ಸುತ್ತುವರಿದ ಗೋಡೆ, ಬುರುಜುಗಳು ಈ ಹಾಸ್ಪಿಟಲರ್‌ಗಳದ್ದು: 1439ರಲ್ಲಿ ಶುರುವಾದ ಕೆಲಸ. ಆಗ ಫ್ರಾನ್ಸ್-ಇಂಗ್ಲೆಂಡ್ ನಡುವಿನ ನೂರು ವರ್ಷಗಳ ಯುದ್ಧ ಇನ್ನೂ ಮುಗಿದಿರಲಿಲ್ಲ, ಲೂಟಿಕೋರ ಸೈನಿಕರ ಕಾಟ ಬೇರೆ.

ಒಳಗೆ ಹೋಗಲು ಉತ್ತರದ ಬುರುಜಿನ ಬಾಗಿಲು ಸರಿ. ದಕ್ಷಿಣದ ಬಾಗಿಲ ಬುರುಜು 1912ರಲ್ಲಿ ಕುಸಿದಿದೆ. ಗೋಡೆಯ ಮೇಲಿನ ಕಾವಲು ದಾರಿಗೆ ಟಿಕೆಟ್ ಉಂಟು. ಅದಕ್ಕೆ ದುಡ್ಡು ಕೊಡುವುದು ಸಾರ್ಥಕ, ಊರಿನ ವಿನ್ಯಾಸ ಅಲ್ಲಿಂದಲೇ ಅರ್ಥವಾಗುವುದು.

ನನ್ನ ಮಟ್ಟಿಗೆ ಇಲ್ಲಿಯ ನಿಜವಾದ ಸ್ವಾರಸ್ಯ ನೀರಿನದು. ಸುಣ್ಣಕಲ್ಲಿನಲ್ಲಿ ಮಳೆನೀರು ನಿಲ್ಲದೆ ಬಿರುಕುಗಳಲ್ಲಿ ಇಂಗಿಹೋಗುತ್ತದೆ. ಹಾಗಾಗಿ ಮಳೆನೀರನ್ನು ತೊಟ್ಟಿಗಳಲ್ಲಿ ಹಿಡಿದಿಡುತ್ತಿದ್ದರು. ಗೋಡೆಯ ಹೊರಗೆ ಕಲ್ಲು ಹಾಸಿದ, ಕುರಿಗಳು ನೀರು ಕುಡಿಯುವ ಬಟ್ಟಲಿನಾಕಾರದ ಕೊಳವಿದೆ, ಹೆಸರು 'ಲಾವೋನ್ಯ್'. ಈ ಸೀಮೆಯ ಕುರಿಹಾಲಿನಿಂದಲೇ ರೋಕ್‌ಫೋರ್ ಚೀಸ್ ಆಗುವುದು.

ಚರ್ಚಿನ ಬಳಿಯ ದುಂಡುತಲೆಯ ಸಮಾಧಿಕಲ್ಲುಗಳನ್ನೂ, ಬಾಗಿಲುಗಳಿಗೆ ಮೊಳೆ ಹೊಡೆದ ಒಣ ಮುಳ್ಳುಹೂಗಳನ್ನೂ ಗಮನಿಸಿ. ಗಾಳಿಯಲ್ಲಿ ತೇವ ಹೆಚ್ಚಿದರೆ ಆ ಹೂ ಮುಚ್ಚಿಕೊಳ್ಳುತ್ತದೆ, ಮಳೆಯ ಮುನ್ಸೂಚನೆಗೆ ಸಾಕು.

ಕಾರನ್ನು ಹೊರಗೇ ನಿಲ್ಲಿಸಬೇಕು. ಎ75 ಹೆದ್ದಾರಿಯಿಂದ ಲ ಕೇಲಾರ್ ಎಂಬ ಊರಿನ ಬಳಿ ಇಳಿಯಿರಿ. ನೆಲ ಉಬ್ಬುತಗ್ಗಿನ ಕಲ್ಲುಹಾಸು, ಹಿಡಿತವಿರುವ ಶೂ ಬೇಕು.