ಜೇನು ಕ್ಯಾನ್ಸರ್ ಕೊಲ್ಲುತ್ತದಂತೆ, ಅತ್ತಿಗೆಗೆ ಕೊಡಲೇ?

ಪ್ರಶ್ನೆ: ನಮ್ಮ ಅತ್ತಿಗೆಗೆ 46 ವರ್ಷ, ಸ್ತನ ಕ್ಯಾನ್ಸರ್. ಎರಡು ಕೀಮೋ ಆಗಿದೆ. ಜೇನುತುಪ್ಪ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ, ಲ್ಯಾಬಿನಲ್ಲಿ ಸಾಬೀತಾಗಿದೆ ಅಂತ ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೋ ಬಂದಿದೆ. ಮನೆಯಲ್ಲಿ ತೋಟದ ಮಿಸ್ರಿ (ಚುಚ್ಚದ ಪುಟ್ಟ ಜೇನುನೊಣದ) ಜೇನು ಅರ್ಧ ಬಾಟಲಿ ಇದೆ. ದಿನಕ್ಕೆ ನಾಲ್ಕು ಚಮಚ ಕೊಡಬಹುದೇ ಮೇಡಂ? ಕೀಮೋ ಬಿಟ್ಟು ಇದನ್ನೇ ಮಾಡೋಣ ಅಂತಿದ್ದಾನೆ ಅಣ್ಣ.
– ಓದುಗಿ, ಸಿದ್ದಾಪುರ (ಉ.ಕ.)

ಉತ್ತರ: ಕೊನೆಯ ಸಾಲಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಕೀಮೋ ಬಿಡಬೇಡಿ. ಈ ಪುಟವನ್ನು ಅಣ್ಣನಿಗೇ ಓದಲು ಕೊಡಿ.

ವಿಡಿಯೋ ಪೂರ್ತಿ ಸುಳ್ಳಲ್ಲ. ನಮ್ಮ ಖರಗ್‌ಪುರದ ಐಐಟಿಯಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಕೋಶಗಳಿಗೆ ಜೇನು ಹಾಕಿ ನೋಡಿದ್ದಾರೆ. ಮಲೇಷ್ಯಾದವರು ತಮ್ಮ ಕಾಡಿನ ತುವಾಲಂಗ್ ಜೇನನ್ನು ಸ್ತನ ಕ್ಯಾನ್ಸರ್ ಕೋಶಗಳ ಮೇಲೆ ಪರೀಕ್ಷಿಸಿದ್ದಾರೆ. ಕೋಶಗಳು ಸತ್ತದ್ದು ನಿಜ. ಜೇನಿನಲ್ಲಿರುವ ಕ್ರೈಸಿನ್, ಕ್ವೆರ್ಸೆಟಿನ್‌ನಂಥ ಪದಾರ್ಥಗಳಿಗೆ ಆ ಗುಣ ಇದೆ.

ಆದರೆ ನಾನು ಹನ್ನೊಂದು ವರ್ಷ ಲ್ಯಾಬಿನಲ್ಲಿ ಇಂಥ ಕೋಶಗಳನ್ನು ಸಾಕಿದವಳು. ಅವು ಸಾಯುವುದು ದೊಡ್ಡ ವಿಷಯವೇ ಅಲ್ಲ! ಒಂದು ಶನಿವಾರ ನಮ್ಮ ಇನ್‌ಕ್ಯುಬೇಟರಿನ (ಕೋಶಗಳ ತಟ್ಟೆಗಳನ್ನು ಬೆಚ್ಚಗಿಡುವ ಪೆಟ್ಟಿಗೆ) ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಖಾಲಿಯಾಯಿತು, ಯಾರೂ ನೋಡಲಿಲ್ಲ. ಸೋಮವಾರ ಬಂದು ಬಾಗಿಲು ತೆಗೆದರೆ ಕೋಶಗಳು ಬೆಳೆಯುವ, ಕೆಂಪಗಿರಬೇಕಾದ ದ್ರವ ನೇರಳೆಯಾಗಿತ್ತು. ಆರು ವಾರದ ಕೆಲಸ ಸಿಂಕಿಗೆ ಹೋಯಿತು. ಗಾಳಿ ಬದಲಾದದ್ದಕ್ಕೇ ಸಾಯುವ ಕೋಶ ಅದು.

ಹಾಗಾಗಿ ಯಾವ ಹುಡುಗ ಜೇನಿನ ಪ್ರಯೋಗ ತಂದರೂ ನಾನು ಕೇಳುತ್ತಿದ್ದದ್ದು ಒಂದೇ: "ಪಕ್ಕದ ತಟ್ಟೆಗೆ ಬರೀ ಸಕ್ಕರೆ ಪಾಕ ಹಾಕಿದ್ದೀಯಾ?" ಜೇನಿನಲ್ಲಿ ನೂರಕ್ಕೆ ಸುಮಾರು 80 ಪಾಲು ಸಕ್ಕರೆಯೇ. ಮಾವಿನ ಮಿಡಿಗೆ ಉಪ್ಪು ಹಾಕಿದರೆ ನೀರು ಬಿಟ್ಟು ಸುಕ್ಕಾಗುತ್ತದಲ್ವಾ, ಗಟ್ಟಿ ಸಕ್ಕರೆಯಲ್ಲಿ ಕೋಶವೂ ಹಾಗೇ. ಜೊತೆಗೆ ನೀರು ಬೆರೆಸಿದ ಜೇನು ಹೈಡ್ರೋಜನ್ ಪೆರಾಕ್ಸೈಡ್ ಬಿಡುತ್ತದೆ, ಅದೂ ಕೋಶ ಕೊಲ್ಲುತ್ತದೆ. ಇವೆರಡನ್ನೂ ಕಳೆದ ಮೇಲೆ ಉಳಿಯುವ ಗುಣ ಎಷ್ಟು ಅನ್ನುವುದೇ ಲೆಕ್ಕ.

ಇನ್ನೊಂದು ಲೆಕ್ಕ ನೀವೇ ಮಾಡಿ. ತಟ್ಟೆಯಲ್ಲಿ ಶೇಕಡಾ 1ರಷ್ಟು ಜೇನು ಹಾಕಿದರು ಅನ್ನಿ. ಮನುಷ್ಯರ ರಕ್ತ ಸುಮಾರು 5 ಲೀಟರ್. ಅದರಲ್ಲಿ ಅಷ್ಟೇ ಜೇನು ಇರಬೇಕೆಂದರೆ 50 ಮಿಲಿ, ಅಂದರೆ 70 ಗ್ರಾಂ ಜೇನು ನೇರ ರಕ್ತದಲ್ಲಿ ಓಡಾಡಬೇಕು. ಅದರ ಸಕ್ಕರೆಯೇ 55 ಗ್ರಾಂ ದಾಟುತ್ತದೆ. ಆರೋಗ್ಯವಂತರ ರಕ್ತದಲ್ಲಿ ಒಟ್ಟು ಇರುವ ಗ್ಲೂಕೋಸ್ 5 ಗ್ರಾಂ! ನಾವು ಚಪ್ಪರಿಸುವ ಜೇನು ಹಾಗೆ ರಕ್ತಕ್ಕೆ ಹೋಗುವುದೂ ಇಲ್ಲ. ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ. ಕ್ರೈಸಿನ್‌ನ ಹೆಚ್ಚಿನ ಪಾಲನ್ನು ಕರುಳು ಮತ್ತು ಲಿವರ್ ಬದಲಾಯಿಸಿ ಹೊರಗೆ ಹಾಕಿಬಿಡುತ್ತವೆ.

ಜೇನಿನಿಂದ ರೋಗಿಗಳಿಗೇ ಉಪಕಾರವಾದ ಜಾಗ ಬೇರೆ. 2003ರಲ್ಲಿ ಮಲೇಷ್ಯಾದಲ್ಲಿ ತಲೆ, ಕುತ್ತಿಗೆಯ ಕ್ಯಾನ್ಸರ್‌ಗೆ ರೇಡಿಯೇಶನ್ ಪಡೆಯುತ್ತಿದ್ದ 40 ಜನರ ಮೇಲೆ ನಡೆಸಿದ ಒಂದು ಅಧ್ಯಯನ ಪ್ರಕಟವಾಯಿತು. ಅರ್ಧ ಜನರಿಗೆ ರೇಡಿಯೇಶನ್‌ಗೆ ಮೊದಲು, ಆಮೇಲೆ, ಮತ್ತೆ ಆರು ಗಂಟೆ ಬಿಟ್ಟು 20 ಮಿಲಿ ಜೇನು ಕೊಟ್ಟರು. ಅವರಿಗೆ ಜೋರಾದ ಬಾಯಿಹುಣ್ಣು ಕಡಿಮೆ ಬಂತು. ಗಡ್ಡೆ ಕರಗಿತು ಅಂತ ಅಲ್ಲ, ಹುಣ್ಣು ಕಡಿಮೆಯಾಯಿತು ಅಂತ.

ಈಗ ನಿಮ್ಮ ಬಾಟಲಿ. ಮಿಸ್ರಿ ಜೇನಿನ ಆ ಹುಳಿ ನನಗೂ ಇಷ್ಟ. ಆದರೆ ನಾಲ್ಕು ಚಮಚ ಬೇಡ. ಅತ್ತಿಗೆಗೆ ಶುಗರ್ ಇದೆಯಾ ಅಂತ ನೀವು ಬರೆದಿಲ್ಲ. ಕೀಮೋ ಜೊತೆ ಸ್ಟೆರಾಯ್ಡ್ ಕೊಟ್ಟರೆ ಶುಗರ್ ಇಲ್ಲದವರಿಗೂ ಏರಬಹುದು. ಕೀಮೋ ಆದ ಮೇಲೆ ಬಿಳಿ ರಕ್ತಕಣ ಇಳಿದಾಗ, ಸೋಂಕಿನ ಭಯಕ್ಕೆ, ಕಾಯಿಸದ ಹಸಿ ಜೇನು ಬೇಡ ಅನ್ನುವ ವೈದ್ಯರೂ ಇದ್ದಾರೆ. ಮೂರನೇ ಕೀಮೋಗೆ ಹೋಗುವಾಗ ಬಾಟಲಿಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ. ರಕ್ತದ ರಿಪೋರ್ಟ್ ನೋಡಿದ ಡಾಕ್ಟರು ಹೂಂ ಅಂದರೆ ಒಂದು ಚಮಚ, ಬಾಯಿರುಚಿಗೆ. ವಿಡಿಯೋ ತೋರಿಸಲು ಅಣ್ಣನನ್ನೂ ಕರೆದುಕೊಂಡು ಹೋಗಿ.