ಸಿಯಾಟಲ್‌ಗೆ ಬರುತ್ತಿರುವ ತಂಗಿಗೆ

ಜೂನ್ ಕೊನೆಯ ವಾರ ರೆಡ್‌ಮಂಡ್‌ನಲ್ಲಿ ಕೆಲಸಕ್ಕೆ ಸೇರಲಿರುವ ನೀವು ನನ್ನನ್ನು ಎರಡು ಪ್ರಶ್ನೆ ಕೇಳಿದ್ದೀರಿ: ಲೇಕ್ ವಾಷಿಂಗ್ಟನ್ ಸರೋವರದ ಆಚೆ, ಸಿಯಾಟಲ್ ನಗರದೊಳಗೇ ಮನೆ ಹಿಡಿದರೆ ಒಂಟಿ ಹೆಣ್ಣುಮಗಳಿಗೆ ಕ್ಷೇಮವೇ, ಮತ್ತು ಆಫೀಸು, ನಮ್ಮವರ ಮನೆಯ ಹಬ್ಬದೂಟ ಇವೆರಡರ ಹೊರಗೆ ಆ ಊರಿನಲ್ಲಿ ನಮಗೊಂದು ಬದುಕಿದೆಯೇ ಎಂದು. ಎರಡಕ್ಕೂ ನನ್ನ ಉತ್ತರ ಹುಟ್ಟುವುದು ಒಂದೇ ನೆನಪಿನಿಂದ, ಆದ್ದರಿಂದ ಕೊಂಚ ಉದ್ದವಾಗಿಯೇ ಬರೆಯುತ್ತೇನೆ.

ನಾನು ಇಲ್ಲಿಗೆ ಬಂದದ್ದು 1991ರಲ್ಲಿ. ಬಾಡಿಗೆ ಕಡಿಮೆ ಎಂಬ ಒಂದೇ ಕಾರಣಕ್ಕೆ ಸಿಯಾಟಲ್‌ನ ಕ್ಯಾಪಿಟಲ್ ಹಿಲ್ ಬಡಾವಣೆಯ ಹಳೆಯ ಮರದ ಮನೆಯೊಂದರಲ್ಲಿ ಇನ್ನು ಮೂವರೊಡನೆ ಇದ್ದೆ. ಅವರಲ್ಲೊಬ್ಬ ಹಗಲು ಹೋಟೆಲಿನಲ್ಲಿ ಪಾತ್ರೆ ತೊಳೆದು ರಾತ್ರಿ ಡ್ರಮ್ಸ್ ಬಾರಿಸುತ್ತಿದ್ದ. ನಿರ್ವಾಣ, ಪರ್ಲ್ ಜ್ಯಾಮ್, ಸೌಂಡ್‌ಗಾರ್ಡನ್ ಎಂಬ ಇಲ್ಲಿಯ ರಾಕ್ ತಂಡಗಳ ಹೆಸರುಗಳು ಜಗತ್ತಿಗೆಲ್ಲ ಮುಟ್ಟುತ್ತಿದ್ದ ವರ್ಷಗಳವು. ಅವನು ನನ್ನನ್ನು ಕರೆದೊಯ್ಯುತ್ತಿದ್ದುದು ಮಾತ್ರ ನೂರಿನ್ನೂರು ಜನ ಹಿಡಿಸುವ ಚಿಕ್ಕ ಕೋಣೆಗಳಿಗೆ. ಬಾಗಿಲಲ್ಲಿ ಮುಂಗೈ ಮೇಲೆ ಒತ್ತಿದ ಶಾಯಿಯ ಮುದ್ರೆ ಎಷ್ಟು ಉಜ್ಜಿದರೂ ಹೋಗದೆ ಮರುದಿನ ಆಫೀಸಿನಲ್ಲೂ ಕಾಣುತ್ತಿತ್ತು. ಆ ಅಬ್ಬರವನ್ನು ಮೊದಮೊದಲು ತಡೆಯಲಾಗುತ್ತಿರಲಿಲ್ಲ. ಆದರೂ ಮೈಸೂರಿನ ಒಂಟಿಕೊಪ್ಪಲಿನ ಎಂಟನೇ ಕ್ರಾಸಿನಲ್ಲಿ ಗಣಪತಿ ಹಬ್ಬದ ಕಚೇರಿಗಳನ್ನು ರಸ್ತೆಯಲ್ಲೇ ಕುಳಿತು ಕೇಳಿ ಬೆಳೆದ ನನಗೆ ಅಲ್ಲಿಯ ಒಡನಾಟ ಅಪರಿಚಿತವೆನಿಸಲಿಲ್ಲ. ಇಂದು ಹಾಡಿದವರು ನಾಳೆ ನಮ್ಮ ಪಕ್ಕದಲ್ಲೇ ನಿಂತು ಇನ್ನೊಬ್ಬರ ಹಾಡಿಗೆ ತಲೆದೂಗುತ್ತಿದ್ದರು.

ಅಲ್ಲಿ ಕೇಳಿದ ದನಿಗಳಲ್ಲಿ ನನ್ನನ್ನು ಇಂದಿಗೂ ಬಿಡದಿರುವುದು 'ದಿ ಗಿಟ್ಸ್' ಎಂಬ ತಂಡದ ಗಾಯಕಿ ಮಿಯಾ ಜಪಾಟಾ ಅವರದು. ಒಹಾಯೊದ ಆಂಟಿಯಾಕ್ ಕಾಲೇಜಿನಲ್ಲಿ ಗೆಳೆಯರು ಸೇರಿ ಕಟ್ಟಿದ ಆ ತಂಡ 1989ರಲ್ಲಿ ಸಿಯಾಟಲ್‌ಗೆ ಬಂದಿತ್ತು. ಪಂಕ್ ಎಂಬ ರಭಸದ ರಾಕ್ ಹಾಡುಗಳ ವೇಗದೊಳಗೂ ಆಕೆಯ ಕೊರಳಲ್ಲಿ ಹಳೆಯ ಬ್ಲೂಸ್ ಗಾಯಕಿಯರ ನೋವು ಕೇಳಿಸುತ್ತಿತ್ತು. ನಾನು ಆಕೆಯೊಡನೆ ಮಾತನಾಡಿದವನಲ್ಲ, ದೂರದಲ್ಲಿ ನಿಂತು ಕೇಳಿದವನು ಅಷ್ಟೆ. ಡ್ರಮ್ಸ್ ಬಾರಿಸುವ ನನ್ನ ಗೆಳೆಯನಿಗೆ ಮಾತ್ರ ಆಕೆ ಗೆಳತಿ.

1993ರ ಜುಲೈ 7ರ ನಸುಕಿನಲ್ಲಿ ಮಿಯಾ ಕೊಲೆಯಾದರು. ಪೈಕ್ ರಸ್ತೆಯ ಕಾಮೆಟ್ ಟ್ಯಾವರ್ನ್ ಎಂಬ ಬಾರಿನಲ್ಲಿ ಸ್ನೇಹಿತರೊಡನೆ ಇದ್ದು, ಹತ್ತಿರದಲ್ಲೇ ಇದ್ದ ಒಬ್ಬ ಗೆಳತಿಯ ಮನೆಯಿಂದ ಸುಮಾರು ಎರಡು ಗಂಟೆಗೆ ಹೊರಟವರು ಒಂದೂವರೆ ಗಂಟೆ ಕಳೆಯುವುದರೊಳಗೆ ಹೆಣವಾಗಿ ಸಿಕ್ಕರು. ವಯಸ್ಸು 27. ಎರಡನೆಯ ಆಲ್ಬಂನ ಕೆಲಸ ಇನ್ನೂ ಮುಗಿದಿರಲಿಲ್ಲ. ಸುದ್ದಿ ತಿಳಿದ ದಿನ ನನ್ನ ಗೆಳೆಯ ಅಡುಗೆಮನೆಯ ಮೆಟ್ಟಿಲ ಮೇಲೆ ಕುಳಿತು ಡ್ರಮ್ ಕೋಲಿಗೆ ಕಪ್ಪು ಟೇಪು ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು, ಇಷ್ಟನ್ನೇ ಮಾಡುತ್ತಿದ್ದ. ಅಷ್ಟು ಹೊತ್ತಿನಲ್ಲಿ ಆಕೆ ಒಬ್ಬಳೇ ಏಕೆ ಹೊರಟಳು ಎಂದು ನಾನು ಕೇಳಿಬಿಟ್ಟೆ. ಅವನು ತಲೆಯೆತ್ತದೆ, 'ತನ್ನ ಊರಿನಲ್ಲಿ ನಡೆದು ಹೋಗುತ್ತಿದ್ದಳು' ಎಂದ. ಆ ಪ್ರಶ್ನೆ ಕೇಳಿದ್ದಕ್ಕೆ ಇಂದಿಗೂ ನನಗೆ ನಾಚಿಕೆಯಾಗುತ್ತದೆ. ಕ್ಷೇಮದ ವಿಷಯಕ್ಕೆ ನಿಮಗೆ ಉಪದೇಶ ಮಾಡುವವರು ಇಲ್ಲಿ ಬಹಳ ಜನ ಸಿಗುತ್ತಾರೆ. ಅವರಲ್ಲಿ ತಪ್ಪನ್ನು ಮೊದಲೇ ನಿಮ್ಮ ಮೇಲೆ ಹೊರಿಸುವವರ ಮಾತಿಗೆ ಕಿವಿಗೊಡಬೇಡಿ.

ಕೊಂದವನು ಯಾರೆಂದು ಹತ್ತು ವರ್ಷ ಗೊತ್ತಾಗಲಿಲ್ಲ. ಸಂಗೀತಗಾರರೆಲ್ಲ ಸೇರಿ ಸಂಗೀತ ಕಚೇರಿಗಳನ್ನು ನಡೆಸಿ, ಹಣ ಕೂಡಿಸಿ, ಖಾಸಗಿ ಪತ್ತೇದಾರರನ್ನು ನೇಮಿಸಿದರು. ಆ ಹತ್ತು ವರ್ಷಗಳಲ್ಲಿ ಮಾಡಿದವನು ನಮ್ಮೊಳಗಿನವನೇ ಇರಬಹುದೆಂಬ ಅನುಮಾನ ಆ ಚಿಕ್ಕ ಕೋಣೆಗಳ ಒಳಗೂ ಹೊಕ್ಕು, ಒಬ್ಬರ ಮುಖ ಒಬ್ಬರು ನೋಡುವ ರೀತಿಯನ್ನೇ ಕೆಡಿಸಿತ್ತು. ಕಡೆಗೆ, ಜೋಪಾನವಾಗಿ ಕಾದಿರಿಸಿದ್ದ ಡಿಎನ್‌ಎ ಮಾದರಿ ಫ್ಲಾರಿಡಾದ ಒಬ್ಬನಿಗೆ ಹೊಂದಿಕೆಯಾಗಿ 2003ರಲ್ಲಿ ಅವನ ಬಂಧನವಾಯಿತು, ಮರುವರ್ಷ ಶಿಕ್ಷೆಯೂ ಆಯಿತು. ಆಕೆಗಾಗಲಿ ಆಕೆಯ ಬಳಗಕ್ಕಾಗಲಿ ಅವನು ಯಾರೂ ಅಲ್ಲ. ಬಂಧನದ ಸುದ್ದಿ ಬಂದ ರಾತ್ರಿ ಗೆಳೆಯ ಫೋನಿನಲ್ಲಿ ಬಹಳ ಹೊತ್ತು ಮಾತಿಲ್ಲದೆ ಇದ್ದ, ನಾನೂ ಫೋನು ಇಡಲಿಲ್ಲ.

ಮಿಯಾ ಸತ್ತ ವರ್ಷವೇ ಆಕೆಯ ಗೆಳತಿಯರು 'ಹೋಮ್ ಅಲೈವ್' ಎಂಬ ಸಂಸ್ಥೆ ಕಟ್ಟಿ ಆತ್ಮರಕ್ಷಣೆಯ ತರಗತಿಗಳನ್ನು ಆರಂಭಿಸಿದರು. ಶುಲ್ಕವೆಂದು ಕೊಡಲು ಸಾಧ್ಯವಾದಷ್ಟು ಕೊಟ್ಟರೆ ಸಾಕಿತ್ತು. ಬೈಗುಳ ಕೇಳಿದಾಗ ಏನು ಹೇಳಬೇಕು, ಗಂಟಲಿನಿಂದ ಹೇಗೆ ಕೂಗಬೇಕು ಎಂಬುದರಿಂದ ಹಿಡಿದು ಕೈಹಿಡಿತ ಬಿಡಿಸಿಕೊಳ್ಳುವವರೆಗೆ ಕಲಿಸುತ್ತಿದ್ದರು. ಅದರ ನೆರವಿಗೆಂದು 1996ರಲ್ಲಿ ಬಂದ ಆಲ್ಬಂನಲ್ಲಿ ನಿರ್ವಾಣ, ಪರ್ಲ್ ಜ್ಯಾಮ್‌ನಂಥ ಆ ದೊಡ್ಡ ಹೆಸರಿನ ತಂಡಗಳ ಹಾಡುಗಳೂ ಇದ್ದವು. ನನ್ನ ಹೆಂಡತಿ ಇಲ್ಲಿಗೆ ಬಂದ ಮೊದಲ ವರ್ಷ ಆ ತರಗತಿಗೆ ಹೋಗಿದ್ದಳು. ಈ ಊರಿನಲ್ಲಿ ಅವಳಿಗೆ ಮೊದಲು ಗೆಳತಿಯರು ಸಿಕ್ಕಿದ್ದೇ ಅಲ್ಲಿ.

ಆದ್ದರಿಂದ, ನಗರದೊಳಗೇ ಮನೆ ಹಿಡಿಯಿರಿ ಎನ್ನುತ್ತೇನೆ. ಬಸ್ಸು, ರೈಲಿನ ನಿಲ್ದಾಣಕ್ಕೆ ಹತ್ತಿರವಿರಲಿ, ಅಕ್ಕಪಕ್ಕದವರ ಹೆಸರು ತಿಳಿದುಕೊಳ್ಳಿ, ತಡರಾತ್ರಿ ಹೊರಡುವಾಗ ನನಗೊಂದು ಕರೆ ಮಾಡಿದರೂ ಬಂದು ಕರೆದೊಯ್ಯುತ್ತೇನೆ. ಪ್ರತಿ ಜುಲೈ 7ರ ಸಂಜೆ ಗೆಳೆಯನೂ ನಾನೂ ಕಾಮೆಟ್‌ನ ಎದುರು ಭೇಟಿಯಾಗುತ್ತೇವೆ. ಅವನಿಗೆ ಈಗ ಮೊಣಕೈ ನೋವು, ಡ್ರಮ್ಸ್ ಬಿಟ್ಟಿದ್ದಾನೆ, ಆದರೂ ಕೋಲುಗಳನ್ನು ಕೋಟಿನ ಜೇಬಿನಲ್ಲಿ ತರುತ್ತಾನೆ. ಆ ಹೊತ್ತಿಗೆ ನೀವು ಬಂದು ಒಂದೆರಡು ವಾರವಾಗಿರುತ್ತದೆ. ಜುಲೈನಲ್ಲಿ ಇಲ್ಲಿ ಒಂಬತ್ತು ಗಂಟೆಯ ತನಕ ಬೆಳಕಿರುತ್ತದೆ. ನೀವೂ ಬನ್ನಿ, ಅವನಿಗೆ ಹೇಳಿರುತ್ತೇನೆ.