ಬ್ರಿಟಿಷ್ ಸ್ಕೆಚ್ ಕಾಮಿಡಿ ನೋಡಿದ್ರೆ ನಗುವೇ ಬರಲ್ಲ, ಅವರ ಉಚ್ಚಾರಣೆ ತಿಳಿಯದ್ದೇ ಕಾರಣವಾ?

ಅಲ್ಲ. ಸಬ್‌ಟೈಟಲ್ ಹುಡುಕೋದು ಬಿಡಿ. ಚಿಕ್ಕ ಚಿಕ್ಕ ಹಾಸ್ಯ ತುಣುಕುಗಳ (ಸ್ಕೆಚ್) ಬಿಬಿಸಿ ಕಾರ್ಯಕ್ರಮ ‘ದಿ ಫಾಸ್ಟ್ ಶೋ’ದ ಬಿಡಿ ತುಣುಕುಗಳನ್ನು ನೋಡಿ, ಅದೇ ಪಾತ್ರ ಅದೇ ಡೈಲಾಗ್, ಇದರಲ್ಲೇನಿದೆ ಅಂತ ಕೇಳಿದ್ದೀರಿ. ನಾನು ಕೆಡಿಸಿಕೊಂಡಿದ್ದೂ ಅಲ್ಲೇ. ಟೆಡ್–ರಾಲ್ಫ್ ಜೋಡಿಯ ತುಣುಕುಗಳನ್ನೆಲ್ಲ ಸೇರಿಸಿ ಅಂಟಿಸಿದ್ದ ವಿಡಿಯೊ ಒಂದೇ ರಾತ್ರಿ ನೋಡಿದೆ. ಐದನೆಯದಕ್ಕೇ ಆಕಳಿಕೆ.

ಈ ಹಾಸ್ಯದ ಅರ್ಧ ಕೆಲಸ ನಡೆಯೋದು ಬಿಡುವಿನಲ್ಲಿ. ಅರ್ಧ ಗಂಟೆಯ ಕಂತಿನಲ್ಲಿ ಒಂದು ಪಾತ್ರಕ್ಕೆ ಸಿಗೋದು ಒಂದೆರಡು ನಿಮಿಷ, ಕೆಲವಕ್ಕೆ ಬರೀ ಸೆಕೆಂಡುಗಳು. ಆ ಪಾತ್ರ ಮತ್ತೆ ಬರೋ ಹೊತ್ತಿಗೆ ಉಳಿದವರು ಬಂದು ಅದನ್ನು ಮರೆಸಿರಬೇಕು. ಜಮೀನ್ದಾರ ರಾಲ್ಫ್‌ಗೆ (ಚಾರ್ಲಿ ಹಿಗ್ಸನ್) ತನ್ನ ಎಸ್ಟೇಟಿನ ಆಳು ಟೆಡ್ ಮೇಲೆ (ಪಾಲ್ ವೈಟ್‌ಹೌಸ್) ಹೇಳಿಕೊಳ್ಳಲಾಗದ ಪ್ರೀತಿ. ಮಾತು ಶುರುವಾಗೋದು ಹೊಲದ ಬಸಿಗಾಲುವೆಯಿಂದ. ಅಲ್ಲಿಂದ ಹೇಗೋ ಮನಸ್ಸಿನ ವಿಷಯಕ್ಕೆ ಬಂದರೆ, ಟೆಡ್ ಅನ್ನೋದು “ಅದೆಲ್ಲ ನಂಗೊತ್ತಾಗಲ್ಲ ಸಾರ್”. ವಾರ ಬಿಟ್ಟು ನೋಡಿದವರಿಗೆ ರಾಲ್ಫ್ ಈ ಸಲವಾದ್ರೂ ಹೇಳ್ತಾನಾ ಅನ್ನೋ ಆಸೆ ಇರುತ್ತೆ. ಸಾಲಾಗಿ ನೋಡಿದರೆ ಆ ಆಸೆ ಹುಟ್ಟೋಕೇ ಪುರುಸೊತ್ತಿಲ್ಲ, ನಡುವಿನ ಮೌನ ಬರೀ ಎಳೆದಂತಾಗುತ್ತೆ.

ಇನ್ನು ಉಚ್ಚಾರಣೆ. ಅದೇ ಶೋದಲ್ಲಿ ಬೆಂಕಿ ಮುಂದೆ ಕೂತು ಗೊಣಗುವ ಮುದಿ ವಕೀಲ ರೌಲಿ ಬರ್ಕಿನ್‌ನ ಮಾತು ಇಂಗ್ಲಿಷರಿಗೂ ತಿಳಿಯಬಾರದು ಅಂತಲೇ ಹಾಗಿರೋದು. ಕಿವಿಗೆ ಬೀಳೋದು ನಾಲ್ಕಾರು ಪದ, ಕೊನೆಗೆ “ನಾನಾಗ ವಿಪರೀತ ಕುಡಿದಿದ್ದೆ” ಅನ್ನೋ ಪಲ್ಲವಿ. ಮುಂದೊಮ್ಮೆ ಅದೇ ಗೊಣಗಾಟ ಕಳೆದುಹೋದ ಹೆಣ್ಣೊಬ್ಬಳ ಕಥೆಯಾಗಿ, ಅದೇ ಪಲ್ಲವಿ ಗಂಟಲು ಕಟ್ಟಿಸುತ್ತೆ. ಅಷ್ಟು ಹೊತ್ತಿಗೆ ನೀವದಕ್ಕೆ ಹತ್ತು ಸಲ ನಕ್ಕಿರಬೇಕು. ಯಾವುದೋ ಪರದೇಶದ ಟಿವಿಯನ್ನು ಅಣಕಿಸುವ ‘ಚಾನೆಲ್ 9’ ಸ್ಕೆಚ್‌ಗಳ ಭಾಷೆಯಂತೂ ಹೆಚ್ಚುಕಡಿಮೆ ಕಟ್ಟುಭಾಷೆಯೇ!

1994ರ ಮೊದಲ ಸರಣಿಯ ಮೊದಲ ಕಂತಿನಿಂದ ಹಿಡಿಯಿರಿ. ಒಂದು ಸಲಕ್ಕೆ ಒಂದೇ ಕಂತು, ನಡುವೆ ಎರಡು ಮೂರು ದಿನ ಬಿಡುವು. ನಗು ಬರದ ಪಾತ್ರ ಬಂದಾಗ ವಿಡಿಯೊ ಮುಂದಕ್ಕೆ ಓಡಿಸಬೇಡಿ, ಬಿಡುವು ಕೊಡೋದು ಅವೇ. ಆಮೇಲೆ 1996, 1997ರವು.

ಬ್ರಿಟನ್ನಿನ ಭಾರತೀಯ ಮೂಲದವರ ಸ್ಕೆಚ್ ಶೋ ‘ಗುಡ್‌ನೆಸ್ ಗ್ರೇಷಿಯಸ್ ಮಿ’ಯಲ್ಲಿ ಭಾರತೀಯರು ಇಂಗ್ಲಿಷ್ ಊಟಕ್ಕೆ ಹೋಗುವ ಸ್ಕೆಚ್ ತಕ್ಷಣ ನಗಿಸಿತು ಅಂದಿರಿ. ಅದು ಪಾತ್ರದ ಹಾಸ್ಯ ಅಲ್ಲ, ಇಂಗ್ಲಿಷರು ಇಂಡಿಯನ್ ಹೋಟೆಲಿಗೆ ಹೋಗೋದನ್ನು ತಿರುಗುಮುರುಗು ಮಾಡಿದ ಒಂದು ಐಡಿಯಾ. ಅದರ ಅಳತೆಗೋಲು ಇಲ್ಲಿಗೆ ತರಬೇಡಿ.

ಭಯ, ಹೇಸಿಗೆ ಬೆರೆಸಿ ನಗಿಸುವ ‘ದಿ ಲೀಗ್ ಆಫ್ ಜೆಂಟಲ್‌ಮೆನ್’ (1999) ಕೊನೆಗಿರಲಿ. ಅಲ್ಲಿ ಪಾತ್ರಗಳೆಲ್ಲ ರಾಯ್ಸ್ಟನ್ ವೇಸಿ ಅನ್ನೋ ಒಂದೇ ಊರಿನವು. 2002ರ ಮೂರನೇ ಸರಣಿಯಲ್ಲಿ ಹಿನ್ನೆಲೆಯ ನಗುವೂ ಇಲ್ಲ, ಅಲ್ಲಿಂದ ಮಾತ್ರ ಶುರು ಮಾಡಬೇಡಿ. ಊಟದ ಹೊತ್ತಿಗಂತೂ ಬೇಡವೇ ಬೇಡ.